ವಿಧಾನವನ್ನೇ ನೆಚ್ಚಿಕೊಂಡು ಬದುಕಬಹುದಾ?

ಪ್ರಶ್ನೆ: ನಾನು ಎಂ.ಎ. ಮನಶ್ಶಾಸ್ತ್ರ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಕೌನ್ಸೆಲಿಂಗ್ ಅಥವಾ ಕ್ಲಿನಿಕಲ್ ಕಡೆ ಮನಸ್ಸು. ನನಗೆ ಸಮಾಜ ಮನಶ್ಶಾಸ್ತ್ರ ಇಷ್ಟ. ಅದರಲ್ಲೂ ರಿಸರ್ಚ್ ಮೆಥಡಾಲಜಿ, ಅಂದರೆ ಸಂಶೋಧನೆಯ ವಿಧಾನ, ಓದುವಾಗ ಸಿಗುವ ಖುಷಿ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಹೇಳಿಕೊಂಡರೆ ಸೀನಿಯರ್‌ಗಳು ನಗುತ್ತಾರೆ. "ಅದು ವಿಷಯ ಅಲ್ಲ, ಬರೀ ಉಪಕರಣ. ಅದನ್ನು ನೆಚ್ಚಿಕೊಂಡರೆ ಕೆಲಸ ಸಿಗಲ್ಲ" ಅನ್ನುತ್ತಾರೆ. ನಿಜವಾ? ಇದನ್ನೇ ಹಿಡಿದು ಅಧ್ಯಾಪಕರಾಗಿ ಬೆಳೆದವರು ಇದ್ದಾರಾ? ಗಣಿತದಲ್ಲಿ ನಾನು ಸಾಧಾರಣ. ಅದೂ ಒಂದು ಹೆದರಿಕೆ.

ಉತ್ತರ: ನಿಮ್ಮ ಪತ್ರ ಓದಿ ನನಗೆ ಹಾಸನ ಜಿಲ್ಲೆಯ ಒಂದು ಜಗಲಿ ನೆನಪಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನಾಗ ಪಿಎಚ್.ಡಿ. ಡೇಟಾಕ್ಕೆ ಅಂತ ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಕೈಯಲ್ಲಿ ನಲವತ್ತು ಹೇಳಿಕೆಗಳ ಒಂದು ಸ್ಕೇಲ್. ಜನ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಅಂತ ಅಳೆಯುವಂಥದ್ದು. ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತಂದಿದ್ದೆ. ಒಂದೊಂದು ಹೇಳಿಕೆಗೂ ಐದು ಉತ್ತರ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸ್ವಲ್ಪವೂ ಒಪ್ಪುವುದಿಲ್ಲ. ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಊರಿನವರನ್ನು ಸಾಮಾನ್ಯವಾಗಿ ನಂಬಬಹುದು" ಅಂತ ಓದಿದೆ. "ಹೂಂ ಕಣವ್ವ" ಅಂದರು. ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಅದರ ಉಲ್ಟಾ ಹೇಳಿಕೆ ಬಂತು. "ಊರಿನವರ ಜೊತೆ ಯಾವಾಗಲೂ ಹುಷಾರಾಗಿರಬೇಕು." ಅದಕ್ಕೂ "ಹೂಂ".

"ಅಜ್ಜಿ, ಆಗಲೇ ನಂಬಬಹುದು ಅಂದ್ರಲ್ಲ?" ಅಂತ ಕೇಳಿದೆ.

ಅವರು ಮೊರದಿಂದ ತಲೆ ಎತ್ತಿ ನನ್ನನ್ನೇ ನೋಡಿದರು. "ಊರೋರ್ನ ನಂಬದೆ ಬಾಳೋಕಾಯ್ತದಾ ಕಣವ್ವ? ಹಂಗಂತ ರಾತ್ರಿ ಬಾಗ್ಲು ಹಾಕ್ದೆ ಮಲೀಕ್ಕಾಯ್ತದಾ?"

ಸಂಪೂರ್ಣ ಒಪ್ಪಿದರೆ ಐದು ಅಂಕ, ಸ್ವಲ್ಪವೂ ಒಪ್ಪದಿದ್ದರೆ ಒಂದು. ಆ ಲೆಕ್ಕದ ಪ್ರಕಾರ ಮೊದಲ 'ಹೂಂ'ಗೆ ನಾಲ್ಕು ಅಂಕ. ಉಲ್ಟಾ ಹೇಳಿಕೆಗೆ ಅಂಕವೂ ಉಲ್ಟಾ, ಆದ್ದರಿಂದ ಇನ್ನೊಂದಕ್ಕೆ ಎರಡು. ಸರಾಸರಿ ಮೂರು. ಅಂದರೆ ಅಜ್ಜಿ 'ತಟಸ್ಥ'. ಆದರೆ ಆ ಅಜ್ಜಿಯಷ್ಟು ಖಚಿತವಾಗಿ ಮಾತಾಡಿದವರನ್ನು ನಾನು ಅವತ್ತು ಇಡೀ ದಿನ ನೋಡಿರಲಿಲ್ಲ. ನಂಬಿಕೆ, ಎಚ್ಚರಿಕೆ ಎರಡೂ ಒಂದೇ ಕೋಲಿನ ಎರಡು ತುದಿ ಅಂತ ಸ್ಕೇಲ್ ಅಂದುಕೊಂಡಿತ್ತು. ಅವರ ಬದುಕಿನಲ್ಲಿ ಅವು ಎರಡು ಬೇರೆ ಕೋಲುಗಳು. ಅಥವಾ ಇನ್ನೊಂದು ಸಾಧ್ಯತೆಯೂ ಇತ್ತು. ಓದಿದ ಹೆಣ್ಣುಮಗಳು ಮನೆ ಬಾಗಿಲಿಗೆ ಬಂದು ಕೇಳ್ತಿದ್ದಾಳೆ, ಇಲ್ಲ ಅನ್ನೋದು ಯಾಕೆ ಅಂತ ಎಲ್ಲದಕ್ಕೂ ಹೂಂ ಅಂದಿರಬಹುದು. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ನನ್ನ ಮುಂದಿನ ಒಂದು ಹೆಜ್ಜೆಗೂ ಅರ್ಥ ಇರಲಿಲ್ಲ. ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಒಂದು ಸ್ಪಷ್ಟವಾಯಿತು. ನಂಬಿಕೆಯ ಬಗ್ಗೆ ಏನಾದರೂ ಹೇಳಬೇಕು ಅಂದರೆ, ಅದನ್ನು ಹೇಗೆ ಕೇಳಬೇಕು ಅನ್ನುವುದೇ ನನ್ನ ಮೊದಲ ವಿಷಯ.

ಅದಕ್ಕೇ ನಿಮ್ಮ ಸೀನಿಯರ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ವಿಧಾನವನ್ನು ವಿಷಯದಿಂದ ಬೇರೆ ಮಾಡಿ ನೋಡುವುದರಿಂದಲೇ ಆ ಮಾತು ಬರುತ್ತದೆ. ಮನುಷ್ಯರ ಬಗ್ಗೆ "ಇದು ಹೀಗೆ" ಅಂತ ಹೇಳುವ ಮೊದಲು "ಇದಕ್ಕೆ ಬೇರೆ ಕಾರಣ ಇರಬಹುದಾ?" ಅಂತ ಕೇಳುವುದೇ ಒಬ್ಬರ ಇಡೀ ಜೀವನದ ಕೆಲಸ ಆಗಬಹುದು. ಆಗಿದೆ ಕೂಡ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್. ಅವರ ಹೆಸರು ನಿಮ್ಮ ಪಠ್ಯದಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗಿರುತ್ತದೆ.

ಕ್ಯಾಂಪ್‌ಬೆಲ್ ಹುಟ್ಟಿದ್ದು 1916ರಲ್ಲಿ, ಮಿಷಿಗನ್ ರಾಜ್ಯದ ಗ್ರಾಸ್ ಲೇಕ್ ಎಂಬ ಸಣ್ಣ ಊರಲ್ಲಿ. ಹೈಸ್ಕೂಲ್ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಟರ್ಕಿ ಕೋಳಿ ಸಾಕುವ ಕಡೆ ದುಡಿದರು. ಆಮೇಲೆ ಜೂನಿಯರ್ ಕಾಲೇಜು, ಅಲ್ಲಿಂದ ಬರ್ಕ್ಲಿ ವಿಶ್ವವಿದ್ಯಾಲಯ. 1939ರಲ್ಲಿ ಪದವಿ. ಅವರ ತಂಗಿಯೂ ಅದೇ ವರ್ಷ ಪದವಿ ಪಡೆದರು. ಆ ವರ್ಷದ ಮೊದಲ ಎರಡು ಸ್ಥಾನ ಅಣ್ಣ ತಂಗಿಗೆ. ನಡುವೆ ಯುದ್ಧ ಬಂತು, ನೌಕಾಪಡೆಯಲ್ಲಿ ಸೇವೆ ಮಾಡಿದರು. ಪಿಎಚ್.ಡಿ. ಸಿಕ್ಕಿದ್ದು 1947ರಲ್ಲಿ, ಅಂದರೆ ಮೂವತ್ತರ ಆಸುಪಾಸಿನಲ್ಲಿ. ತಡವಾಯಿತು ಅಂತ ನಮ್ಮಲ್ಲಿ ಇಪ್ಪತ್ತೈದಕ್ಕೇ ಚಿಂತೆ ಶುರುವಾಗುತ್ತದೆ, ಅಲ್ವಾ? ಓಹಾಯೋ ಸ್ಟೇಟ್, ಶಿಕಾಗೊ ಆದ ಮೇಲೆ 1953ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಇಪ್ಪತ್ತಾರು ವರ್ಷ ಇದ್ದರು.

ಅವರ ಪಿಎಚ್.ಡಿ. ವಿಷಯ ಪೂರ್ವಗ್ರಹ. ಒಂದು ಗುಂಪಿನ ಜನರನ್ನು ಕಂಡರೆ ಆಗದವರಿಗೆ ಇನ್ನೊಂದು ಗುಂಪನ್ನು ಕಂಡರೂ ಆಗುವುದಿಲ್ಲವಾ ಅನ್ನುವುದು ಪ್ರಶ್ನೆ. ಅಪ್ಪಟ ಸಮಾಜ ಮನಶ್ಶಾಸ್ತ್ರ. ಆದರೆ ಅಳೆಯಲು ಹೋದಾಗ ತೊಡಕು ಶುರುವಾಯಿತು. ಒಂದೇ ಥರದ ಪ್ರಶ್ನಾವಳಿಯಲ್ಲಿ ಎಲ್ಲವನ್ನೂ ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಅದು ಮನಸ್ಸಿನ ಗುಣವಾ, ಪ್ರಶ್ನಾವಳಿಯ ಗುಣವಾ? ಈ ಕಾಟ ಅವರನ್ನು ಹತ್ತಾರು ವರ್ಷ ಬಿಡಲಿಲ್ಲ. 1959ರಲ್ಲಿ ಡೊನಾಲ್ಡ್ ಫಿಸ್ಕ್ ಜೊತೆ ಸೇರಿ ಅದಕ್ಕೊಂದು ಉತ್ತರ ಬರೆದರು. ಮನಶ್ಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಲೇಖನಗಳಲ್ಲಿ ಅದೂ ಒಂದು.

ಅದರ ತಿರುಳು ಸರಳ. ಒಬ್ಬ ಹುಡುಗನ ಧೈರ್ಯ, ಪ್ರಾಮಾಣಿಕತೆ ಎರಡನ್ನೂ ಅಳೆಯಬೇಕು ಅಂತ ಇಟ್ಟುಕೊಳ್ಳಿ. ಎರಡನ್ನೂ ಎರಡು ರೀತಿಯಲ್ಲಿ ಅಳೆಯಿರಿ. ಒಮ್ಮೆ ಅವನನ್ನೇ ಕೇಳಿ, ಒಮ್ಮೆ ಅವನ ಗೆಳೆಯರನ್ನು ಕೇಳಿ. ಈಗ ನೋಡಿ. ಅವನು ಹೇಳಿದ ಧೈರ್ಯಕ್ಕೂ ಗೆಳೆಯರು ಹೇಳಿದ ಧೈರ್ಯಕ್ಕೂ ತಾಳೆಯಾಗಬೇಕು. ಅದು ಆಗದೆ, ಅವನೇ ಹೇಳಿಕೊಂಡ ಧೈರ್ಯವೂ ಅವನೇ ಹೇಳಿಕೊಂಡ ಪ್ರಾಮಾಣಿಕತೆಯೂ ಜಾಸ್ತಿ ತಾಳೆಯಾದರೆ, ನೀವು ಅಳೆದದ್ದು ಹುಡುಗನನ್ನಲ್ಲ, ಕಾಗದವನ್ನು. ನಮ್ಮಲ್ಲಿ ಈಗಲೂ ಎಷ್ಟೋ ಥೀಸಿಸ್‌ಗಳಲ್ಲಿ ಆರು ಸ್ಕೇಲ್‌ಗಳನ್ನು ಒಂದೇ ಕಂತೆಯಾಗಿ ಪಿನ್ ಹೊಡೆದು, ಒಂದೇ ದಿನ ಒಬ್ಬರ ಕೈಗೆ ಕೊಟ್ಟು, ಬಂದ ಸಂಬಂಧಗಳನ್ನೆಲ್ಲಾ ಮನಸ್ಸಿನ ರಹಸ್ಯ ಅಂತ ಬರೆಯುತ್ತಾರೆ. ನನ್ನ ಥೀಸಿಸ್‌ನಲ್ಲೂ ಅಂಥ ಒಂದು ಅಧ್ಯಾಯ ಇದೆ. ಅದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಗಣಿತದ ಹೆದರಿಕೆಗೆ ಇಲ್ಲೇ ಉತ್ತರ ಕೊಡುತ್ತೇನೆ. 1963ರಲ್ಲಿ ಕ್ಯಾಂಪ್‌ಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ ಬೋಧನೆಯ ಸಂಶೋಧನೆ ಕುರಿತ ಒಂದು ದೊಡ್ಡ ಕೈಪಿಡಿಗೆ ಪ್ರಯೋಗ ಮತ್ತು ಅರೆಪ್ರಯೋಗಗಳ (ಯಾರಿಗೆ ಏನು ಅಂತ ಚೀಟಿ ಎತ್ತಿ ಹಂಚಲು ಆಗದ ಕಡೆ ಮಾಡುವ ಪ್ರಯೋಗಗಳ) ಬಗ್ಗೆ ಒಂದು ಅಧ್ಯಾಯ ಬರೆದರು. ಮೂರು ವರ್ಷದ ನಂತರ ಅದೇ ಬೇರೆ ಪುಸ್ತಕವಾಗಿ ಬಂತು. ನೂರು ಪುಟವೂ ಇಲ್ಲ. ಜಗತ್ತಿನಾದ್ಯಂತ ತಲೆಮಾರುಗಳ ವಿದ್ಯಾರ್ಥಿಗಳು ಅದನ್ನು ಓದಿಕೊಂಡು ಸಂಶೋಧನೆ ಕಲಿತರು. ಅದರಲ್ಲಿ ಸೂತ್ರಗಳಿಗಿಂತ ಎದ್ದು ಕಾಣುವುದು ಎರಡೇ ಅಕ್ಷರ. ಗಮನಿಸಿದ್ದಕ್ಕೆ 'ಓ', ನಾವು ತಂದ ಬದಲಾವಣೆಗೆ 'ಎಕ್ಸ್'. ಒಂದು ಓ, ಒಂದು ಎಕ್ಸ್, ಮತ್ತೊಂದು ಓ. ಅಂದರೆ ಮೊದಲು ಅಳೆದೆವು, ಏನೋ ಮಾಡಿದೆವು, ಮತ್ತೆ ಅಳೆದೆವು. ಬದಲಾವಣೆ ಕಂಡರೆ ಅದಕ್ಕೆ ಎಕ್ಸ್ ಕಾರಣ ಅಂತ ಹೇಳಬಹುದಾ? ನಡುವೆ ಬೇರೇನಾದರೂ ನಡೆದಿರಬಹುದು. ಮಕ್ಕಳು ಸುಮ್ನೆ ಆರು ತಿಂಗಳು ದೊಡ್ಡವರಾಗಿರಬಹುದು. ಮೊದಲ ಪರೀಕ್ಷೆಯಿಂದಲೇ ಎರಡನೆಯದಕ್ಕೆ ಅಭ್ಯಾಸ ಆಗಿರಬಹುದು. ನಡುವೆ ಶಾಲೆ ಬಿಟ್ಟವರು ಯಾರು ಅಂತ ನೋಡದೇ ಇರಬಹುದು. ಇಂಥ ಅಡ್ಡ ಕಾರಣಗಳಿಗೆ ಹೆಸರಿಟ್ಟು ಪಟ್ಟಿ ಮಾಡಿದ್ದೇ ಆ ಪುಸ್ತಕದ ದೊಡ್ಡ ಕೆಲಸ. ಇದಕ್ಕೆ ಬೇಕಾದದ್ದು ಮೊದಲಿಗೆ ಗಣಿತವಲ್ಲ, ಸಂಶಯ ಪಡುವ ತಾಳ್ಮೆ. ಸ್ಟ್ಯಾಟಿಸ್ಟಿಕ್ಸ್ ಕಲಿಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಪಿಯುಸಿಯಲ್ಲಿ ಗಣಿತ ಸಾಧಾರಣ ಆಗಿತ್ತು ಅನ್ನುವ ಕಾರಣಕ್ಕೆ ಹಿಂದೆ ಸರಿಯಬೇಡಿ. 'ಆರ್' ಎಂಬ ತಂತ್ರಾಂಶ ಉಚಿತ. ಅದರಲ್ಲಿ ನೀವೇ ಸುಳ್ಳು ಡೇಟಾ ಹುಟ್ಟಿಸಿ, ಅದರ ಮೇಲೆ ಪರೀಕ್ಷೆ ನಡೆಸಿ ನೋಡಿ. ಎರಡು ತಿಂಗಳಲ್ಲಿ ಪುಸ್ತಕದ ಸೂತ್ರಕ್ಕೆ ಜೀವ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಕಥೆ. ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

1955ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ರಸ್ತೆ ಅಪಘಾತಗಳಲ್ಲಿ 324 ಜನ ಸತ್ತರು. ಗವರ್ನರ್ ಅಬ್ರಹಾಂ ರಿಬಿಕಾಫ್ ವೇಗದ ಮೇಲೆ ಕಠಿಣ ಕ್ರಮ ಶುರು ಮಾಡಿದರು. ಜೋರಾಗಿ ಓಡಿಸಿ ಸಿಕ್ಕಿಬಿದ್ದವರ ಲೈಸೆನ್ಸ್ ಅಮಾನತು. ಮರುವರ್ಷ ಸತ್ತವರು 284. ನಲವತ್ತು ಜೀವ ಉಳಿಯಿತು, ಶೇಕಡ 12ಕ್ಕಿಂತ ಹೆಚ್ಚು ಇಳಿಕೆ, ಕ್ರಮ ಯಶಸ್ವಿ ಅಂತ ಗವರ್ನರ್ ಹೇಳಿದರು. ಯಾರು ಅಲ್ಲಗಳೆಯುತ್ತಾರೆ?

ಕ್ಯಾಂಪ್‌ಬೆಲ್ ಮತ್ತು ಸಮಾಜಶಾಸ್ತ್ರಜ್ಞ ಲಾರೆನ್ಸ್ ರಾಸ್ 1968ರಲ್ಲಿ ಆ ಎರಡು ಅಂಕಿಗಳನ್ನು ಮತ್ತೆ ಕೈಗೆ ತೆಗೆದುಕೊಂಡರು. ಅವರು ಮಾಡಿದ್ದು ಇಷ್ಟೇ. ಎರಡು ವರ್ಷದ ಬದಲು ಹಿಂದಿನ, ಮುಂದಿನ ಹಲವು ವರ್ಷಗಳ ಅಂಕಿಗಳನ್ನು ಸಾಲಾಗಿ ಇಟ್ಟರು. ಈ ಅಂಕಿಗಳು ಮೊದಲಿಂದಲೂ ಏರುತ್ತಾ ಇಳಿಯುತ್ತಾ ಬಂದಿದ್ದವು. 1955ರಲ್ಲಿ ಸಾವು ವಿಪರೀತ ಜಾಸ್ತಿ ಆಗಿತ್ತು. ಜಾಸ್ತಿ ಆಗಿದ್ದಕ್ಕೇ ಅಲ್ವಾ ಗವರ್ನರ್ ಎಚ್ಚೆತ್ತದ್ದು? ವಿಪರೀತ ಏರಿದ್ದು ಮರುವರ್ಷ ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವ ಸಂಭವ ಇದ್ದೇ ಇರುತ್ತದೆ. ಜ್ವರ ನೆತ್ತಿಗೇರಿದ ದಿನ ತಾಯತ ಕಟ್ಟಿಸಿದರೆ ಮಾರನೇ ದಿನ ತಾಯತಕ್ಕೇ ಹೆಸರು ಬರುವ ಹಾಗೆ. ಆಮೇಲೆ ಅಕ್ಕಪಕ್ಕದ ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚುಸೆಟ್ಸ್, ರೋಡ್ ಐಲೆಂಡ್ ರಾಜ್ಯಗಳ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕಾನೂನು ಜನರ ಮೇಲೆ, ಕೋರ್ಟುಗಳ ಮೇಲೆ ಏನು ಮಾಡಿತು ಅಂತಲೂ ಹುಡುಕಿದರು. ಲೈಸೆನ್ಸ್ ಅಮಾನತಾದರೂ ಗಾಡಿ ಓಡಿಸಿ ಸಿಕ್ಕಿಬೀಳುವವರು ಹೆಚ್ಚಾಗಿದ್ದರು. ಶಿಕ್ಷೆ ಬಿಗಿಯಾದಷ್ಟೂ ನ್ಯಾಯಾಲಯಗಳು ಮೆತ್ತಗಾಗಿದ್ದವು. ಕ್ರಮದಿಂದ ಗವರ್ನರ್ ಹೇಳಿದಷ್ಟು ಜೀವ ಉಳಿಯಿತು ಅನ್ನಲು ಆಧಾರ ಗಟ್ಟಿ ಇರಲಿಲ್ಲ.

ಇದನ್ನು ನಮ್ಮ ರಸ್ತೆಗೆ ತನ್ನಿ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಅಪಘಾತಗಳು ದಿನಾ ಸುದ್ದಿಯಾದವು. ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಆಟೋಗಳನ್ನು ನಿಷೇಧಿಸಿದರು. ವೇಗಕ್ಕೆ ಕ್ಯಾಮೆರಾ ಬಂದವು. ಮುಂದೆ ಅಂಕಿ ಇಳಿದರೆ ಅದರಲ್ಲಿ ಕ್ಯಾಮೆರಾದ ಪಾಲೆಷ್ಟು, ಬೈಕು ಸರ್ವಿಸ್ ರಸ್ತೆಗೆ ಹೋದದ್ದರ ಪಾಲೆಷ್ಟು, ಅಪಘಾತವೇ ಸರ್ವಿಸ್ ರಸ್ತೆಗೆ ಹೋಯಿತಾ, ಇಲ್ಲಾ ತಾನಾಗೇ ಇಳಿಯಿತಾ? ಇದನ್ನು ಹೇಳಬಲ್ಲವರು ನಮಗೆ ಬೇಕು. ಇದು ಇಂಜಿನಿಯರ್ ಕೆಲಸ ಅಷ್ಟೇ ಅಲ್ಲ. ಕ್ಯಾಮೆರಾ ಕಂಡು ಬ್ರೇಕ್ ಹಾಕಿ, ದಾಟಿದ ತಕ್ಷಣ ಮತ್ತೆ ಗ್ಯಾಸ್ ಕೊಡುವವನ ಮನಸ್ಸು ನಿಮ್ಮ ವಿಷಯ.

ಕನೆಕ್ಟಿಕಟ್ ಕಥೆ ಬಂದ ಮರುವರ್ಷ, 1969ರಲ್ಲಿ, ಕ್ಯಾಂಪ್‌ಬೆಲ್ ಸರ್ಕಾರದ ಸುಧಾರಣೆಗಳನ್ನೆಲ್ಲಾ ಪ್ರಯೋಗ ಅಂತ ನೋಡಬೇಕು ಎಂದು ಬರೆದರು. ಒಂದು ಯೋಜನೆಗೆ ತನ್ನ ಹೆಸರನ್ನೇ ಒತ್ತೆ ಇಟ್ಟ ಅಧಿಕಾರಿಗೆ ಅದು ಸೋತಿದೆ ಅಂತ ಒಪ್ಪಿಕೊಳ್ಳಲು ಆಗುವುದೇ ಇಲ್ಲ. ಸಮಸ್ಯೆ ದೊಡ್ಡದು, ಇದನ್ನು ಐದು ವರ್ಷ ಮಾಡಿ ನೋಡುತ್ತೇವೆ, ಆಗದಿದ್ದರೆ ಬೇರೆ ಮಾಡುತ್ತೇವೆ ಅನ್ನುವ ಅಧಿಕಾರಿ ಬೇಕು ಎಂದರು. ಇಲ್ಲಿ ಅವರು ಸರ್ಕಾರಗಳನ್ನು ಸ್ವಲ್ಪ ಜಾಸ್ತಿ ನಂಬಿದರು ಅಂತ ನನಗೆ ಅನಿಸುತ್ತದೆ. ಯೋಜನೆ ಫಲ ಕೊಟ್ಟಿದೆಯಾ ಅಂತ ನಿಜವಾಗಿ ತಿಳಿಯಬೇಕೆಂದು ಹೊರಡುವ ಸರ್ಕಾರ ನನ್ನ ಕಣ್ಣಿಗೆ ಅಪರೂಪಕ್ಕೆ ಬಿದ್ದಿದೆ. ಆದರೂ ಆ ಆಸೆ ಸುಳ್ಳಲ್ಲ. ಸಾಮಾಜಿಕ ಯೋಜನೆಗಳ ಪರಿಣಾಮವನ್ನು ಒಟ್ಟುಗೂಡಿಸಿ ನೋಡುವ ಒಂದು ಅಂತಾರಾಷ್ಟ್ರೀಯ ಸಂಸ್ಥೆ 2000ದಲ್ಲಿ ಶುರುವಾದಾಗ ಅದಕ್ಕೆ ಕ್ಯಾಂಪ್‌ಬೆಲ್ ಹೆಸರನ್ನೇ ಇಟ್ಟರು.

ಅವರ ವೃತ್ತಿಯಿಂದ ನೀವು ಗಮನಿಸಬೇಕಾದದ್ದು ಒಂದಿದೆ. ಅವರ ಹೆಸರು ಮಾಡಿದ ಕೆಲಸಗಳಲ್ಲಿ ಬಹುಪಾಲು ಜೊತೆಗಾರರಿದ್ದಾರೆ. ಫಿಸ್ಕ್, ಸ್ಟ್ಯಾನ್ಲಿ, ರಾಸ್, ಆಮೇಲೆ 1979ರಲ್ಲಿ ಥಾಮಸ್ ಕುಕ್. ಮಾನವಶಾಸ್ತ್ರಜ್ಞ ಹರ್ಸ್‌ಕೊವಿಟ್ಸ್ ಮತ್ತು ಸೆಗಾಲ್ ಜೊತೆ ಸೇರಿ, ತುದಿಗೆ ಬಾಣದ ಗುರುತು ಹಾಕಿದರೆ ಒಂದೇ ಉದ್ದದ ಗೆರೆಗಳು ಉದ್ದ ಗಿಡ್ಡ ಕಾಣುವ ದೃಷ್ಟಿಭ್ರಮೆ ಬೇರೆ ಬೇರೆ ಸಂಸ್ಕೃತಿಯವರಿಗೆ ಒಂದೇ ಥರ ಆಗುತ್ತದಾ ಅಂತ ನೋಡಿದರು. ಆಗುವುದಿಲ್ಲ ಅಂತ 1966ರಲ್ಲಿ ಬರೆದರು. ಅದೇ ವರ್ಷ ಇನ್ನೂ ಮೂವರ ಜೊತೆ, ಜನರನ್ನು ಕೇಳದೆಯೇ ಅಳೆಯುವ ದಾರಿಗಳ ಬಗ್ಗೆ ಒಂದು ಪುಸ್ತಕ. ಅದರಲ್ಲಿ ಶಿಕಾಗೊದ ಒಂದು ವಸ್ತುಸಂಗ್ರಹಾಲಯದ ಮಾತು ಬರುತ್ತದೆ. ಮೊಟ್ಟೆಯಿಂದ ಕೋಳಿಮರಿ ಹೊರಬರುವುದನ್ನು ತೋರಿಸುವ ಜಾಗದ ಸುತ್ತ ನೆಲದ ಹಾಸು ಆರು ವಾರಕ್ಕೊಮ್ಮೆ ಸವೆದು ಬದಲಾಯಿಸಬೇಕಾಗುತ್ತಿತ್ತು. ಬೇರೆ ಕಡೆ ಅದು ವರ್ಷಗಟ್ಟಲೆ ಬಾಳುತ್ತಿತ್ತು. ಯಾವ ಪ್ರದರ್ಶನ ಜನರಿಗೆ ಇಷ್ಟ ಅಂತ ಕೇಳಲು ಪ್ರಶ್ನಾವಳಿ ಯಾಕೆ ಬೇಕು? ನೆಲವೇ ಹೇಳುತ್ತದೆ. ನಮ್ಮ ದೇವಸ್ಥಾನಗಳ ಹೊಸ್ತಿಲುಗಳನ್ನು ಈ ಕಣ್ಣಿನಿಂದ ನೋಡಿದ್ದೀರಾ?

ವಿಧಾನದವರು ಒಂಟಿಯಾಗಿ ಬೆಳೆಯುವುದು ಕಷ್ಟ ಅಂತ ಇದರ ಅರ್ಥ. ನಿಮ್ಮ ಕೈಗೆ ಇನ್ನೊಬ್ಬರ ಪ್ರಶ್ನೆ ಬರಬೇಕು. ಅಥವಾ ನಿಮ್ಮದೇ ಒಂದು ಗಟ್ಟಿ ಪ್ರಶ್ನೆ ಇರಬೇಕು. ಪೇಪರ್‌ಗಳಲ್ಲಿ ನಿಮ್ಮ ಹೆಸರು ಮೊದಲು ಬರುವುದು ಕಡಿಮೆ, ಮಧ್ಯದಲ್ಲಿ ಬರುವುದು ಜಾಸ್ತಿ. ಇದಕ್ಕೆ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಇನ್ನೊಂದು, ಫಲ ಬರುವುದು ತಡ. 1960ರಲ್ಲಿ ಕ್ಯಾಂಪ್‌ಬೆಲ್ ಮತ್ತು ಥಿಸಲ್‌ಥ್ವೇಟ್ ಒಂದು ಲೇಖನ ಬರೆದರು. ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಕಟ್-ಆಫ್ ಗೆರೆಯ ಸ್ವಲ್ಪ ಮೇಲೆ ಅಂಕ ಬಂದವರಿಗೆ ಮೆಚ್ಚುಗೆ ಸಿಗುತ್ತದೆ, ಸ್ವಲ್ಪ ಕೆಳಗಿದ್ದವರಿಗೆ ಸಿಗುವುದಿಲ್ಲ. ಗೆರೆಯ ಅಕ್ಕಪಕ್ಕದ ಹುಡುಗರು ಮಿಕ್ಕೆಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಅವರಿಬ್ಬರನ್ನು ಹೋಲಿಸಿದರೆ ಮೆಚ್ಚುಗೆಯ ಪರಿಣಾಮ ಗೊತ್ತಾಗುತ್ತದೆ. ಎಷ್ಟು ಚೆನ್ನಾಗಿದೆ ನೋಡಿ. ಆದರೆ ದಶಕಗಳ ಕಾಲ ಅದನ್ನು ಬಳಸಿದವರು ಕೆಲವೇ ಜನ. 1990ರ ದಶಕದ ಕೊನೆಗೆ ಅರ್ಥಶಾಸ್ತ್ರಜ್ಞರು ಅದನ್ನು ಎತ್ತಿಕೊಂಡರು. ಈಗ ಅದಿಲ್ಲದೆ ಅವರ ಪತ್ರಿಕೆಗಳೇ ಇಲ್ಲ. ಅಷ್ಟು ಹೊತ್ತಿಗೆ ಕ್ಯಾಂಪ್‌ಬೆಲ್ ಇರಲಿಲ್ಲ. 1996ರಲ್ಲಿ ತೀರಿಕೊಂಡಿದ್ದರು.

ಅವರಿಗೆ ಬದುಕಿದ್ದಾಗ ಗೌರವ ಸಿಗಲಿಲ್ಲ ಅಂತಲ್ಲ. 1975ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೂ ಆಯ್ಕೆಯಾದರು.

ಈ ಕಾಲಕ್ಕೆ ಬಂದರೆ, ನಿಮ್ಮಂಥವರ ಅಗತ್ಯ ಆಗಿನದಕ್ಕಿಂತ ಈಗ ಜಾಸ್ತಿ. 2011ರಲ್ಲಿ ಸಮಾಜ ಮನಶ್ಶಾಸ್ತ್ರಕ್ಕೆ ದೊಡ್ಡ ಪೆಟ್ಟು ಬಿತ್ತು. ನೆದರ್‌ಲ್ಯಾಂಡ್ಸ್‌ನ ಹೆಸರಾಂತ ಸಮಾಜ ಮನಶ್ಶಾಸ್ತ್ರಜ್ಞ ಡೀಡರಿಕ್ ಸ್ಟಾಪೆಲ್ ವರ್ಷಗಟ್ಟಲೆ ಡೇಟಾ ತಾನೇ ಹುಟ್ಟಿಸಿ ಪ್ರಕಟಿಸಿದ್ದು ಹೊರಬಂತು. ಅದೇ ವರ್ಷ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಬೇಕೆಂದೇ ಒಂದು ಕೆಲಸ ಮಾಡಿ ತೋರಿಸಿದರು. ಒಂದು ಹಾಡು ಕೇಳಿದ ವಿದ್ಯಾರ್ಥಿಗಳ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತು ಅಂತ! ಸುಳ್ಳು ಡೇಟಾ ಇಲ್ಲ, ಎಲ್ಲರೂ ಬಳಸುವ ಲೆಕ್ಕವೇ. ನಾಲ್ಕಾರು ರೀತಿ ಲೆಕ್ಕ ಹಾಕಿ ಗೆದ್ದದ್ದನ್ನು ಮಾತ್ರ ಬರೆದರೆ ಏನು ಬೇಕಾದರೂ ಸಾಬೀತು ಮಾಡಬಹುದು ಅಂತ ಅದರಿಂದ ತೋರಿಸಿದರು. 2015ರಲ್ಲಿ ಬ್ರಯಾನ್ ನೋಸೆಕ್ ಮುಂದಾಳತ್ವದ ದೊಡ್ಡ ತಂಡ ನೂರು ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97ರಲ್ಲಿ ಗಟ್ಟಿ ಫಲಿತಾಂಶ ಇತ್ತು. ಮತ್ತೆ ಮಾಡಿದಾಗ ಸಿಕ್ಕಿದ್ದು ಸುಮಾರು ಮೂರನೇ ಒಂದು ಭಾಗದಲ್ಲಿ.

ಕೆಲವರಿಗೆ ಇದು ಅವಮಾನ ಅನಿಸಿತು. ನನಗೆ ಹಾಗನಿಸಲಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ತೋರಿಸುವ ಶಿಸ್ತು ಬದುಕಿದೆ ಅಂತ ಸಮಾಧಾನವಾಯಿತು. ಅಲ್ಲಿಂದೀಚೆಗೆ ಊಹೆಯನ್ನು ಮೊದಲೇ ನೋಂದಾಯಿಸುವುದು, ಡೇಟಾ ತೆರೆದಿಡುವುದು ರೂಢಿಯಾಗುತ್ತಿದೆ. ಇನ್ನೊಂದು ಕೊರತೆಯೂ ಕಣ್ಣಿಗೆ ಬಂದಿದೆ. 2010ರಲ್ಲಿ ಹೆನ್ರಿಕ್ ಮತ್ತು ಜೊತೆಗಾರರು ತೋರಿಸಿದ ಹಾಗೆ, ಮುಖ್ಯ ಪತ್ರಿಕೆಗಳ ಅಧ್ಯಯನಗಳಲ್ಲಿ ಶೇಕಡ 96 ಜನ ಜಗತ್ತಿನ ಶೇಕಡ 12 ಜನಸಂಖ್ಯೆ ಇರುವ ಪಾಶ್ಚಾತ್ಯ ದೇಶಗಳವರು. ಅಂದರೆ ನಮ್ಮ ಅಜ್ಜಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನಮ್ಮ ಕಡೆಯ ಪರಿಸ್ಥಿತಿಯನ್ನೂ ಮುಚ್ಚಿಡದೆ ಹೇಳಬೇಕು. "ಸಂಶೋಧನಾ ವಿಧಾನಕ್ಕೆ ಅಧ್ಯಾಪಕರು ಬೇಕಾಗಿದ್ದಾರೆ" ಅಂತ ಜಾಹೀರಾತು ಬರುವುದಿಲ್ಲ. ಮನಶ್ಶಾಸ್ತ್ರದ ಹುದ್ದೆ ಅಂತಲೇ ಬರುತ್ತದೆ. ಅದಕ್ಕೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಇಲ್ಲವೇ ನಿಯಮದ ಪ್ರಕಾರ ಪಿಎಚ್.ಡಿ. ಇರಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆಗಳು ತುಂಬದೆ ಉಳಿಯುತ್ತವೆ. ಅತಿಥಿ ಉಪನ್ಯಾಸಕರಾಗಿ ವರ್ಷಗಳು ಕಳೆದುಹೋಗುತ್ತವೆ. ನನ್ನ ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ಆ ಸಾಲಿನಲ್ಲಿದ್ದಾರೆ, ಅದನ್ನು ಹೇಳುವಾಗ ಸಂಕಟವಾಗುತ್ತದೆ. ಆದರೆ ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲಿ ರಿಸರ್ಚ್ ಮೆಥಡಾಲಜಿ ಎಲ್ಲಾ ವಿಭಾಗಕ್ಕೂ ಕಡ್ಡಾಯ. ಅದನ್ನು ಮನಸ್ಸಿಟ್ಟು ಹೇಳಿಕೊಡುವವರು ಬೆರಳೆಣಿಕೆ. ಇದನ್ನು ಚೆನ್ನಾಗಿ ಕಲಿತವರನ್ನು ವಾಣಿಜ್ಯ, ಶಿಕ್ಷಣ, ಸಮಾಜಕಾರ್ಯ, ನರ್ಸಿಂಗ್ ವಿಭಾಗದವರು ಹುಡುಕಿಕೊಂಡು ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಐಸೆಕ್‌ನಂಥ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯನ್ನು ಅಧ್ಯಯನ ಮಾಡುವ ಸಂಸ್ಥೆ) ಸಂಸ್ಥೆಗಳಲ್ಲಿ, ಯೋಜನೆಗಳ ಮೌಲ್ಯಮಾಪನ ಮಾಡುವ ಸಂಸ್ಥೆಗಳಲ್ಲಿ ಈ ಕೈಗಳಿಗೆ ಕೆಲಸ ಇದೆ. ವಿದ್ಯಾರ್ಥಿ ಇರುವಾಗಲೇ ಅಲ್ಲಿ ಆರು ತಿಂಗಳು ದುಡಿದರೆ ಅದೊಂದು ದೊಡ್ಡ ಪಾಠ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಇರಲಿ. ಒಂದು ಅಂಕಿಯನ್ನು ನಿರ್ಧಾರಕ್ಕೆ ಎಷ್ಟು ಜಾಸ್ತಿ ಬಳಸುತ್ತೇವೋ ಅಷ್ಟೂ ಆ ಅಂಕಿಯೂ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವೂ ಕೆಡುತ್ತದೆ ಅಂತ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಬರೆದರು. ಈಗ ಅದನ್ನು ಅವರ ಹೆಸರಿನಲ್ಲೇ ನಿಯಮ ಅನ್ನುತ್ತಾರೆ. ನಮ್ಮಲ್ಲಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಯುಜಿಸಿ ಎಪಿಐ ಅಂಕ ತಂದಿತು. ಪೇಪರ್‌ಗೆ ಇಷ್ಟು ಅಂಕ ಅಂತ. ಆಮೇಲೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕಿಕೊಡುವ ಜರ್ನಲ್‌ಗಳು ನಾಯಿಕೊಡೆಗಳ ಹಾಗೆ ಎದ್ದವು. ವಿಧಾನದವರಾದ ನೀವೇ ಅದರಲ್ಲಿ ಬರೆದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಐದು ವರ್ಷಕ್ಕೆ ಎರಡೇ ಪೇಪರ್ ಬಂದರೂ ಪರವಾಗಿಲ್ಲ, ಗಟ್ಟಿಯಾಗಿರಲಿ. ಇದರಿಂದ ಬಡ್ತಿ ತಡವಾಗುತ್ತದೆ, ಗೊತ್ತು. ನನಗೂ ಆಯಿತು.

ಪಿಎಚ್.ಡಿ. ವಿಷಯಕ್ಕೆ ಒಂದು ದಾರಿ ಹೇಳುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. ಮನೆಯಲ್ಲಿ ಕೇಳದೆ ಹೊರಗೆ ಹೋಗುವ ಧೈರ್ಯ ಇದರಿಂದ ಬೆಳೆಯಿತಾ? ಇದಕ್ಕಿಂತ ಒಳ್ಳೆಯ ಸಮಾಜ ಮನಶ್ಶಾಸ್ತ್ರದ ಪ್ರಶ್ನೆ ಬೇಕಾ? ಕಷ್ಟ ಎಲ್ಲಿದೆ ಅಂದರೆ, ಯೋಜನೆ ಇಡೀ ರಾಜ್ಯಕ್ಕೆ ಒಂದೇ ದಿನ ಬಂತು. ನಿಮ್ಮ ಕೈಯಲ್ಲಿ ಎಕ್ಸ್ ಇದೆ, ಅದಕ್ಕೆ ಮೊದಲಿನ ಓ ಇಲ್ಲ. ಹಾಗಾದರೆ ಹೋಲಿಕೆ ಎಲ್ಲಿಂದ ತರುತ್ತೀರಿ? ಗಡಿಯ ಈಚೆ, ಆಚೆ ಇರುವ ಎರಡು ಹಳ್ಳಿಗಳಿಂದಲಾ? ಬಸ್ಸೇ ಬರದ ಊರಿನಿಂದಲಾ? ಒಂದೊಂದಕ್ಕೂ ಅಡ್ಡ ಕಾರಣಗಳ ಪಟ್ಟಿ ಬರೆಯಿರಿ. ಅದನ್ನು ಬರೆಯುವುದರಲ್ಲೇ ನಿಮ್ಮ ಮೊದಲ ಅಧ್ಯಾಯ ಇದೆ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಓಸ್ವಾಲ್ಡ್ ವರ್ನರ್ ಎಂಬ ಮಾನವಶಾಸ್ತ್ರಜ್ಞರ ಜೊತೆ ಕ್ಯಾಂಪ್‌ಬೆಲ್ 1970ರಲ್ಲಿ ಅನುವಾದದ ಬಗ್ಗೆಯೂ ಬರೆದಿದ್ದಾರೆ. ಇಂಗ್ಲಿಷ್ ಪ್ರಶ್ನಾವಳಿಯೇ ಪ್ರಮಾಣ, ಇನ್ನೊಂದು ಭಾಷೆ ಅದಕ್ಕೆ ಬಗ್ಗಬೇಕು ಅಂತ ಹೊರಡಬೇಡಿ, ಎರಡೂ ಕಡೆ ತಿದ್ದುತ್ತಾ ಹೋಗಿ ಅಂತ ಅವರ ಮಾತು. ನಿಮ್ಮ ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಕನ್ನಡಕ್ಕೆ ತಂದ ಯಾವುದಾದರೂ ಸ್ಕೇಲ್ ಇದ್ದೇ ಇರುತ್ತದೆ. ಅದನ್ನು ತೆಗೆದುಕೊಂಡು ರಜೆಯಲ್ಲಿ ನಿಮ್ಮ ಊರಿಗೆ ಹೋಗಿ. ಹತ್ತು ಜನ ಸಾಕು. ಒಂದೊಂದು ಹೇಳಿಕೆ ಓದಿ, "ಇದು ನಿಮಗೆ ಏನು ಅಂತ ಅರ್ಥ ಆಯ್ತು?" ಅಂತ ಕೇಳಿ. ಅವರು ಎಲ್ಲಿ ತಡೆದರು, ಯಾವ ಪದವನ್ನು ತಿರುಗಿ ಕೇಳಿದರು, 'ಕೆಲವೊಮ್ಮೆ'ಗೂ 'ಆಗಾಗ'ಗೂ ಅವರಿಗೆ ವ್ಯತ್ಯಾಸ ಇದೆಯಾ, ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಹಾಳೆಗಳನ್ನು ನನಗೆ ಕಳಿಸಿ. ಹಾಗೇ ಕಳಿಸಿ, ಅಂದ ಮಾಡಿ ಬರೆಯಬೇಡಿ. ಒಂದೊಂದನ್ನೂ ಕೂತು ಓದುತ್ತೇನೆ.